ಕೆಡಹುವವರು ಬೇಕಾಗಿದ್ದಾರೆ

"ಹಾಗಾದರೆ ಈ ಗೋಡೆ ಒಡೆದುಬಿಡೋಣ," ಎಂದ ಅವನು, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು.

"ಯಾವ ಗೋಡೆ?" ಅಡುಗೆಮನೆಯಿಂದ ಹೆಂಡತಿಯ ದನಿ.

"ಇದೇ. ಬಚ್ಚಲಿಗೂ ನಮ್ಮ ಮಲಗೋ ಕೋಣೆಗೂ ಮಧ್ಯೆ ಇರೋದು."

ಪಾತ್ರೆಯ ಸದ್ದು ನಿಂತಿತು. ಅವನು ಬ್ರಷ್ಷನ್ನು ದವಡೆಯಲ್ಲೇ ಬಿಟ್ಟು ಆಸೆಯಿಂದ ಕಾದ. ಬಚ್ಚಲ ಗೋಡೆ ಒಡೆಸುತ್ತೇನೆಂದರೆ ಎಂಥ ಹೆಂಡತಿಯಾದರೂ ಕೈಲಿದ್ದ ಸೌಟಿನ ಸಮೇತ ಬರಬೇಕು.

"ನಿಮಗೆ ಅನುಕೂಲ ಅನ್ನಿಸಿದ್ರೆ ಒಡೆಸಿ," ಎಂದಳು ಅವಳು. "ಗಾಳಿ ಬೆಳಕೂ ಬರುತ್ತೆ."

ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ಅದರ ಜೊತೆಗೆ ಯಾವುದೋ ರಾಗವೂ. ಅವನು ಕನ್ನಡಿಯಲ್ಲಿ ತನ್ನನ್ನೇ ಒಮ್ಮೆ ದಿಟ್ಟಿಸಿ ನೊರೆ ಉಗಿದ.

ಹಿಂದೆ ಹೀಗಿರಲಿಲ್ಲ. ಹಿಂದೆ ಅವಳು ಜಗಳದಲ್ಲಿ ಕಲಾವಿದೆ. ಒದ್ದೆ ಟವೆಲ್ಲಿನಿಂದ ಹೊರಟರೆ ನೋಡುನೋಡುತ್ತಿದ್ದಂತೆ ಅವನ ಚಿಕ್ಕಮ್ಮ ಮದುವೆಯ ದಿನ ಆಡಿದ ಮಾತಿಗೆ ಬಂದು ಮುಟ್ಟುತ್ತಿದ್ದಳು. ದಾರಿಯಲ್ಲಿ ಒಂದು ನಿಲ್ದಾಣವನ್ನೂ ಬಿಡುತ್ತಿರಲಿಲ್ಲ. ಆಮೇಲೆ ರಕ್ತದೊತ್ತಡ ಬಂತು. ಡಾಕ್ಟರು ಅವಳನ್ನು ಯಾವುದೋ ಶಾಂತಿಯ ಶಿಬಿರಕ್ಕೆ ಕಳಿಸಿದರು. ಅಲ್ಲಿ ‘ಹೋಗಲಿ ಬಿಡಿ’ ಎನ್ನುವುದನ್ನು ಹಂತಹಂತವಾಗಿ ಕಲಿಸಿದರು. ಒತ್ತಡ ಇಳಿಯಿತು, ಮುಖ ಹೊಳೆಯತೊಡಗಿತು. ‘ನೀನು ಅದೃಷ್ಟವಂತ ಕಣಯ್ಯ’ ಎಂದು ನೆಂಟರೆಲ್ಲ ಅವನ ಬೆನ್ನು ತಟ್ಟಿದರು. ಮನೆ ಈಗ ಹತ್ತಿಯ ಮೂಟೆಯಂತಿದೆ. ಎಲ್ಲಿ ಗುದ್ದಿದರೂ ಸದ್ದಿಲ್ಲ, ಕೈಗೆ ನೋವೂ ಇಲ್ಲ.

"ಸಂಜೆ ತಡವಾಗಿ ಬರ್ತೀನಿ," ತಿಂಡಿಯ ಮುಂದೆ ಕೂತು ಹೇಳಿದ. "ಹೊಡೆದಾಟ ಕಲಿಯೋಕೆ ಸೇರ್ತಿದ್ದೀನಿ."

"ಒಳ್ಳೇದು ಕಣ್ರೀ."

"ಈ ವಯಸ್ಸಿಗೆ ಯಾಕೆ ಅಂತ ಕೇಳಲ್ವಾ?"

"ಕೇಳ್ಬೇಕಾ?" ಅವಳು ನಿಜವಾಗಿಯೂ ಯೋಚಿಸಿದಳು, ನೆರವಾಗುವ ಮನಸ್ಸಿನಿಂದ. "ಯಾಕ್ರೀ, ಈ ವಯಸ್ಸಿಗೆ?"

"ಏನಿಲ್ಲ, ಬಿಡು."

"ಹೂಂ, ಬಿಡಿ. ಹಳೇ ಪೈಜಾಮ ಹಾಕ್ಕೊಂಡು ಹೋಗಿ. ಹರಿದ್ರೂ ಬೇಜಾರಿಲ್ಲ."

ಅವನು ಓದಿದ್ದು ಲೋಹಶಾಸ್ತ್ರ. ಕೆಲಸ, ವಸ್ತುಗಳನ್ನು ಮುರಿಯುವವರೆಗೆ ಎಳೆಯುವುದು. ಕಟ್ಟಡದ ಸರಳು, ಉಕ್ಕಿನ ಹಗ್ಗ, ಕ್ರೇನಿನ ಕೊಕ್ಕೆ, ಹೀಗೆ ಏನೇನೋ ಆ ಪರೀಕ್ಷಾಲಯಕ್ಕೆ ಬರುತ್ತಿದ್ದವು. ಯಂತ್ರದ ಎರಡು ದವಡೆಗಳ ನಡುವೆ ಸರಳನ್ನು ಸಿಕ್ಕಿಸಿ ಎಳೆಯಬೇಕು. ಒಳ್ಳೆಯ ಉಕ್ಕು ಮೊದಮೊದಲು ಏನೂ ಆಗಿಲ್ಲವೆಂಬಂತೆ ಸುಮ್ಮನಿರುತ್ತಿತ್ತು, ಆಮೇಲೆ ಹಠ ಹಿಡಿಯುತ್ತಿತ್ತು, ಕಡೆಗೆ ನಡು ಸಣ್ಣಗಾಗಿ ಗುಂಡು ಹಾರಿದಂತೆ ಸದ್ದು ಮಾಡಿ ತುಂಡಾಗುತ್ತಿತ್ತು. ಆ ಹಠದ ಹೊತ್ತು ಅವನಿಗೆ ಇಷ್ಟ. ಯಂತ್ರದ ಅಳತೆಯ ಮುಳ್ಳು ಏರುತ್ತಿರುವಾಗ ಅವನೂ ಹಲ್ಲು ಕಚ್ಚಿಕೊಂಡಿರುತ್ತಿದ್ದ.

ಬಡ್ತಿ ಕೊಟ್ಟು ಅವನನ್ನು ಮಹಡಿಯ ಗಾಜಿನ ಕೋಣೆಗೆ ಹತ್ತಿಸಿದ್ದರು. ಕೆಳಗೆ ಏನು ತುಂಡಾದರೂ ಮೇಲಕ್ಕೆ ಕೇಳುವುದು ದೂರದಲ್ಲಿ ಯಾರೋ ಬಾಗಿಲು ಹಾಕಿಕೊಂಡಷ್ಟೇ ಸದ್ದು.

ಈ ದಿನದ ಸಭೆಯಲ್ಲಿ ಅವನು ಕಿರಿಯರನ್ನು ಕೂರಿಸಿಕೊಂಡು ಹೇಳಿದ: "ಇನ್ನು ಮೇಲೆ ತುಂಡಾದ ಸರಳುಗಳನ್ನ ಅಂಟು ಹಾಕಿ ಅಂಟಿಸಿ ವಾಪಸು ಕಳಿಸೋಣ ಅಂತಿದ್ದೀನಿ."

ಯಾರೂ ನಗಲಿಲ್ಲ. ಮೀಸೆಯ ಸಹಾಯಕ ಗಂಭೀರವಾಗಿ ತಲೆಯಾಡಿಸಿದ. "ಗ್ರಾಹಕರಿಗೆ ನಮ್ಮ ಮೇಲೆ ಒಳ್ಳೆ ಅಭಿಪ್ರಾಯ ಬರುತ್ತೆ ಸರ್."

"ಯಾವ ಅಂಟು ಅಂತ ನಾನು ವಿಚಾರಿಸ್ತೀನಿ ಸರ್," ಎಂದಳು ಹೊಸದಾಗಿ ಬಂದ ಎಂಜಿನಿಯರು.

"ಉಕ್ಕು ಕಣಮ್ಮ. ಅಂಟು ನಿಲ್ಲುತ್ತಾ?"

"ನಿಲ್ಲಲ್ಲ ಸರ್."

"ಮತ್ತೆ?"

"ನೀವು ಹೇಳಿದ್ರಲ್ಲ ಸರ್."

ಅವನು ಸಭೆ ಮುಗಿಸಿದ. ಎಲ್ಲರೂ ಸಂತೋಷವಾಗಿ ಎದ್ದು ಹೋದರು.

ಇದಕ್ಕೆಲ್ಲ ಮೂಲ ಒಂದು ಬೀರು. ಕೆಲವು ವಾರಗಳ ಹಿಂದೆ, ಪೇಟೆಯ ತಿರುವಿನಲ್ಲಿ, ಹಮಾಲಿಗಳಿಬ್ಬರು ಹೊತ್ತು ತರುತ್ತಿದ್ದ ಕಬ್ಬಿಣದ ಬೀರುವಿನ ಮೂಲೆ ಅವನ ಭುಜಕ್ಕೆ ನೇರವಾಗಿ ಬಡಿದಿತ್ತು. ಅವನು ಕೈಚೀಲದ ಸಮೇತ ಬೀದಿಯಲ್ಲಿ ಅಂಗಾತ ಬಿದ್ದ. "ಕಣ್ಣು ನೆತ್ತಿ ಮೇಲಿದೆಯೇನಯ್ಯ?" ಎಂದು ಮುಂದಿನ ಹಮಾಲಿ ಬೈದ. ಹಿಂದಿನವನು ಇನ್ನೂ ಕೆಟ್ಟದಾಗಿ ಬೈದ. ಬೀರು ಮುಂದೆ ಹೋಯಿತು. ಅವನು ಮಾತ್ರ ಅಲ್ಲೇ ಕೂತು, ಸುತ್ತಲಿನವರು ಗಾಬರಿಯಾಗುವಷ್ಟು ಹೊತ್ತು, ಒಬ್ಬನೇ ನಗುತ್ತಿದ್ದ. ಎಷ್ಟೋ ಕಾಲದ ಮೇಲೆ ಏನೋ ಒಂದು ಅವನಿಗೆ ದಾರಿ ಬಿಡದೆ ನೇರ ಮೈಮೇಲೆ ಬಂದಿತ್ತು.

ಭುಜದ ಮೇಲೆ ನಿಂಬೆಹಣ್ಣಿನಷ್ಟು ಜಾಗ ಕಪ್ಪುಗಟ್ಟಿತು. ದಿನವೂ ಬಚ್ಚಲಲ್ಲಿ ಅದನ್ನು ಒತ್ತಿ ನೋಡಿ ನೋವು ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಅದು ಹಳದಿಗೆ ತಿರುಗಿ, ಮಾಸಿ, ಒಂದು ಬೆಳಿಗ್ಗೆ ಇಲ್ಲವಾದಾಗ ಹೊಡೆದಾಟ ಕಲಿಸುವ ಕ್ಲಬ್ಬು ಹುಡುಕಲು ಹೊರಟ.

ಮೊದಲು ಹೋದದ್ದು ಒಂದು ನೆಲಮಾಳಿಗೆಗೆ. ಅಲ್ಲಿ ಕಿವಿ ಹರಿಯುವ ಸಂಗೀತ. ಸೂರಿನಿಂದ ತೂಗುಬಿಟ್ಟ ಚೀಲಕ್ಕೆ ಗುದ್ದಬೇಕು. ಚೀಲ ಬಹಳ ಒಳ್ಳೆಯ ಸ್ವಭಾವದ್ದು, ಗುದ್ದಿದ ಕಡೆಗೆ ಹೋಗಿ ಬರುತ್ತಿತ್ತು. ಎರಡನೆಯ ಕಡೆ ಎಲ್ಲರೂ ಕನ್ನಡಿಯ ಎದುರು ನಿಂತು ತಮ್ಮತಮ್ಮ ಜೊತೆಗೇ ಕಾದುತ್ತಿದ್ದರು. ಅಷ್ಟಾದರೆ ಅವನ ಮನೆಯಲ್ಲೂ ಕನ್ನಡಿಯಿತ್ತು. ಇನ್ನೊಂದು ಕಡೆ ಉದ್ಯಾನದಲ್ಲಿ ಹಿರಿಯರು ನಿಧಾನವಾಗಿ ಗಾಳಿಯನ್ನು ತಳ್ಳುತ್ತಿದ್ದರು. ಅವನೂ ತಳ್ಳಿದ. ಗಾಳಿ ಮರ್ಯಾದೆಯಿಂದ ಸರಿದು ನಿಂತಿತು.

ಕಡೆಗೆ ದಾರಿ ತೋರಿಸಿದವನು ಭಾಮೈದ. "ಭಾವ, ಫರ್ನಿಚರ್ ಅಂಗಡಿ ಮೇಲೆ ಒಂದು ಕ್ಲಬ್ಬಿದೆ. ಕರಾಟೆ ಗಿರಾಟೆ ಅಲ್ಲ. ಹಿಡಿದು, ತಿರುಗಿಸಿ, ಕೆಡವೋದು. ನನ್ನ ಸ್ನೇಹಿತ ಒಬ್ಬ ಹಿಂದೆ ಹೋಗಿದ್ದ. ಮೊದಲನೇ ದಿನವೇ ಎತ್ತಿ ಒಗೆದ್ರಂತೆ. ಮೂರು ದಿನ ಮಗ್ಗುಲು ಬದಲಾಯಿಸೋಕೆ ಆಗಿಲ್ಲ ಪುಣ್ಯಾತ್ಮಂಗೆ."

"ವಿಳಾಸ ಕೊಡು," ಎಂದಿದ್ದ ಅವನು.

ಕೊನೆಯ ಮೆಟ್ಟಿಲು ಹತ್ತುವಾಗ ಎದೆ ಹಿತವಾಗಿ ಹೊಡೆದುಕೊಳ್ಳುತ್ತಿತ್ತು. ಕಂಕುಳಲ್ಲಿ ಹಳೆಯ ಪೈಜಾಮದ ಗಂಟು. ಹಾಲ್ ದೊಡ್ಡದು, ನೆಲದ ತುಂಬ ದಪ್ಪ ಹಾಸು. ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿದು ಭರವಸೆ ಹುಟ್ಟಿಸಿತು. ಬಿಳಿ ಅಂಗಿ ತೊಟ್ಟ ಹತ್ತು ಹನ್ನೆರಡು ಜನ ಒಬ್ಬರನ್ನೊಬ್ಬರು ಹಿಡಿದು ಧೊಪ್ಪೆಂದು ಕೆಡಹುತ್ತಿದ್ದರು. ನೆಲ ನಡುಗುತ್ತಿತ್ತು. ಸರಿಯಾದ ಜಾಗಕ್ಕೇ ಬಂದಿದ್ದೇನೆ ಎಂದುಕೊಂಡ.

ಕಲಿಸುವವರು ಹಗಲಲ್ಲಿ ಹಲ್ಲಿನ ಡಾಕ್ಟರು. ಮೆತ್ತಗಿನ ಮಾತಿನವರು, ಎದುರಿಗಿದ್ದವರು ಮಾತಾಡಿದರೆ ಅಭ್ಯಾಸಬಲದಿಂದ ಬಾಯೊಳಗೇ ನೋಡುವರು.

"ನಮಸ್ಕಾರ," ಎಂದ ಅವನು. "ನಾನು ಹೊಸಬ. ನನಗೆ ಏನೂ ಗೊತ್ತಿಲ್ಲ."

ಬೀಳುವ ಸದ್ದೆಲ್ಲ ನಿಂತಿತು. ಡಾಕ್ಟರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನೂ ಗೊತ್ತಿಲ್ಲ," ಎಂದರು, ಮಾತಿನ ರುಚಿ ನೋಡುವವರಂತೆ.

"ಏನೇನೂ ಗೊತ್ತಿಲ್ಲ."

"ಯಾರ ಹತ್ರ ಕಲಿತಿದ್ದೀರಿ?"

"ಯಾರ ಹತ್ರಾನೂ ಕಲಿತಿಲ್ಲ."

ಹಿಂದಿನಿಂದ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು.

"ನಮ್ಮ ಬಗ್ಗೆ ಯಾರು ಹೇಳಿದ್ರು ಅಂತ ಕೇಳಬಹುದಾ?"

"ನನ್ನ ಭಾಮೈದ."

"ಭಾಮೈದ," ಎಂದು ಡಾಕ್ಟರು ನಸುನಕ್ಕರು, ಸೂಕ್ಷ್ಮ ಅರ್ಥವಾಯಿತು ಎಂಬಂತೆ. ಬಾಗಿಲ ಬಳಿ ಬಸ್ಸಿನ ಚಾಲಕನಂತೆ ಕಾಣುತ್ತಿದ್ದ, ವಿಚಾರಿಸಿದರೆ ನಿಜಕ್ಕೂ ಬಸ್ಸಿನ ಚಾಲಕನೇ ಆಗಿದ್ದ ಆಜಾನುಬಾಹು ಒಬ್ಬ ಅವನ ಬೂಟುಗಳನ್ನೆತ್ತಿ ಒರೆಸಿ ಗೋಡೆಗೆ ನೇರವಾಗಿ ಜೋಡಿಸುತ್ತಿದ್ದ.

ಬಟ್ಟೆ ಬದಲಾಯಿಸಿ ಬಂದಾಗ ಎಲ್ಲರ ಕಣ್ಣೂ ಅವನ ಪೈಜಾಮದ ಮಂಡಿಯ ತೇಪೆಯ ಮೇಲೆ ನೆಟ್ಟಿತು. "ನೋಡಿದ್ಯಾ," ಎಂದು ಯಾರೋ ಪಿಸುಗುಟ್ಟಿದರು. "ಎಷ್ಟು ಸವೆದಿದೆ."

"ಹೊಸಬರನ್ನ ಮೊದಲ ದಿನವೇ ಎತ್ತಿ ಒಗೀತೀರಂತೆ," ಎಂದ ಅವನು, ನಾಚಿಕೆಯಿಂದ.

ಡಾಕ್ಟರ ತಲೆ ತಗ್ಗಿತು. "ಹಾಗೆ ಮಾಡ್ತಿದ್ವಿ. ತಪ್ಪಾಗಿತ್ತು. ತಿದ್ಕೊಂಡಿದ್ದೀವಿ."

"ಅಯ್ಯೋ, ತಪ್ಪೇನಿಲ್ಲ."

"ನಿಮ್ಮದು ದೊಡ್ಡ ಮನಸ್ಸು." ಡಾಕ್ಟರು ಹತ್ತಿರ ಬಂದರು. "ನಿಮ್ಮ ಕೈ ಹಿಡಿದು ನೋಡಬಹುದಾ?"

ಹಿಡಿದರು. ನಾಡಿ ನೋಡುವವರೂ ಇದಕ್ಕಿಂತ ಬಿಗಿಯಾಗಿ ಹಿಡಿಯುತ್ತಾರೆ. ಮುಂದೆ ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಮುಲಾಮಿನ ಘಾಟಿಗೆ ಮೂಗು ಕಡಿಯುತ್ತಿತ್ತು. ಹಿಡಿದ ಕೈಯನ್ನೇ ಎತ್ತಿ ತುರಿಸಿಕೊಂಡ. ಡಾಕ್ಟರು ಆ ಕೈಯ ಜೊತೆಗೆ ಮೇಲೆದ್ದು, ತುದಿಗಾಲಲ್ಲಿ ಒಂದು ಸುತ್ತು ತಿರುಗಿ, ಹಾಸಿನ ಆ ತುದಿಯಲ್ಲಿ ಧೊಪ್ಪೆಂದು ಬಿದ್ದರು.

ಏಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. "ಮೂಗು," ಎಂದರು ಶಿಷ್ಯರ ಕಡೆ ತಿರುಗಿ. "ಇಷ್ಟು ವರ್ಷ ನಾನು ಹಣೆ ಕಡೆಗೆ ಎತ್ತು ಅಂತ ಹೇಳ್ಕೊಡ್ತಿದ್ದೆ. ಮೂಗಿನ ಕಡೆಗೆ."

ಹಾಲಿನಲ್ಲಿ ಎಲ್ಲರೂ ಜೋಡಿಜೋಡಿಯಾಗಿ ನಿಂತು ಮೂಗು ತುರಿಸಿಕೊಳ್ಳತೊಡಗಿದರು.

ಆಮೇಲೆ ಚಾಲಕ ಬಂದ. ಬೀರುವಿನ ಗಾತ್ರದ ಮನುಷ್ಯ. ಅವನನ್ನು ನೋಡಿ ನಮ್ಮ ಹೊಸಬನಿಗೆ ಮತ್ತೆ ಆಸೆ ಚಿಗುರಿತು. ಮುಂಗೈ ಮುಟ್ಟಿದ್ದಷ್ಟೇ, ಚಾಲಕ ಮಗುಚಿಕೊಂಡ. ಬೇಕರಿ ಇಟ್ಟುಕೊಂಡಿದ್ದವನೊಬ್ಬ ಮುಟ್ಟುವ ಮೊದಲೇ ಬಿದ್ದ. ಇನ್ನೊಬ್ಬ, ಅವನು ಕೆಮ್ಮಿದ್ದಕ್ಕೆ ಬಿದ್ದ. ಬಿದ್ದವರೆಲ್ಲ ಎದ್ದು ಕೈಮುಗಿದರು. ಯಾರೂ ತಮಾಷೆ ಮಾಡುತ್ತಿರಲಿಲ್ಲ, ಅದೇ ಭಯಂಕರ.

ನೀರು ಕುಡಿಯುವ ಬಿಡುವಿನಲ್ಲಿ ಗಿಡ್ಡ ಕೂದಲಿನ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ ಎಂದಳು. ಅವಳೊಬ್ಬಳು ಇನ್ನೂ ಬಿದ್ದಿರಲಿಲ್ಲ.

"ಇವರಿಗೆಲ್ಲ ಏನಾಗಿದೆ ಮೇಡಂ?"

"ನಿಮಗೆ ಗೊತ್ತಿಲ್ವಾ? ಈ ವಿದ್ಯೆಗೆ ಒಬ್ಬರು ಹಿರಿಯರಿದ್ದಾರೆ. ದೊಡ್ಡವರು ಅಂತೀವಿ. ಫೋಟೋ ತೆಗೆಸ್ಕೊಳ್ಳಲ್ಲ, ಇಲ್ಲಿ ಯಾರೂ ಅವರನ್ನ ಕಂಡಿಲ್ಲ. ಹೇಳದೆ ಕೇಳದೆ ಒಂದೊಂದು ಕ್ಲಬ್ಬಿಗೆ ಹೋಗ್ತಾರೆ, ‘ನಾನು ಹೊಸಬ, ಏನೂ ಗೊತ್ತಿಲ್ಲ’ ಅಂತಾರೆ. ಹೊಸಬರನ್ನ ಹೇಗೆ ನೋಡ್ಕೋತಾರೆ ಅಂತ ಪರೀಕ್ಷೆ. ಹೋದ ವರ್ಷ ಪಕ್ಕದೂರಲ್ಲಿ ಅವರನ್ನ ನಲ್ಲಿ ರಿಪೇರಿಯವನು ಅಂದ್ಕೊಂಡು ಬಚ್ಚಲಿಗೆ ಕಳಿಸಿಬಿಟ್ರು. ರಿಪೇರಿ ಮಾಡ್ಕೊಟ್ಟು ಸುಮ್ನೆ ಹೋದ್ರಂತೆ. ಆ ನಾಚಿಕೆಗೆ ಆ ಕ್ಲಬ್ಬೇ ಮುಚ್ಚಿಹೋಯ್ತು."

"ನಾನು ಅವರಲ್ಲ."

"ಅವರೂ ಹಾಗೇ ಹೇಳ್ತಾರಂತೆ."

"ಮತ್ತೆ ನಿಜವಾದ ಹೊಸಬರು ಬಂದ್ರೆ?"

"ಬಂದಿದ್ರು ಒಬ್ಬರು, ಬ್ಯಾಂಕಿನವರು, ಪಾಪ. ಮುಟ್ಟಿದವರೆಲ್ಲ ಬೀಳೋದು ನೋಡಿ ಹೆದರಿ ಚಪ್ಪಲಿ ಬಿಟ್ಟು ಓಡಿಹೋದ್ರು. ಡಾಕ್ಟರು ಅದನ್ನೂ ಪಾಠ ಅಂದ್ಕೊಂಡ್ರು. ಒಂದು ವಾರ ಬರಿಗಾಲಲ್ಲಿ ಓಡಿಸಿದ್ರು ನಮ್ಮನ್ನ."

ಅವನು ನಕ್ಕ. ಅವಳೂ ನಕ್ಕಳು. ಆಮೇಲೆ ಅವನ ಕಡೆ ಓರೆಯಾಗಿ ನೋಡಿ ದನಿ ತಗ್ಗಿಸಿದಳು.

"ನನಗೆ ಮಾತ್ರ, ನಿಮಗೆ ಏನೂ ಬರಲ್ಲ ಅನ್ನಿಸ್ತಿದೆ."

ಇಷ್ಟು ಮಧುರವಾದ ಮಾತನ್ನು ಅವನು ಕೇಳಿ ಯಾವ ಕಾಲವಾಗಿತ್ತೋ. "ನಿಜವಾಗ್ಲೂ?"

"ಮೂಗು ಕಡೀತು, ತುರಿಸ್ಕೊಂಡ್ರಿ. ಜನರ ಕಣ್ಣು ಪರೀಕ್ಷೆ ಮಾಡಿ ಊಟ ಮಾಡೋಳು ನಾನು. ಅಷ್ಟೂ ಕಾಣಲ್ವಾ?"

"ಮೇಡಂ, ಒಂದು ಉಪಕಾರ ಮಾಡ್ತೀರಾ?" ಅವನು ಅವಳ ಕಡೆ ಬಗ್ಗಿದ. "ನನ್ನನ್ನ ಕೆಡವಿ. ಒಂದೇ ಸಲ. ಜೋರಾಗಿ."

"ಏನು, ಹುಚ್ಚಾ ನಿಮಗೆ?"

"ಇರಬಹುದು."

"ಸೊಂಟ ಗಿಂಟ ಉಳುಕಿದ್ರೆ ಆಮೇಲೆ ನನ್ನ ಬೈಬಾರದು."

"ಬೈಯಲ್ಲ."

"ಬೈದ್ರೆ ನಾನೂ ಬಿಡೋಳಲ್ಲ, ನೆನಪಿರಲಿ," ಎಂದು ಅವಳು ಅಂಗಿಯ ತೋಳು ಮಡಚಿಕೊಂಡು ಎದ್ದಳು.

ಹಾಸಿನ ನಡುವೆ ಇಬ್ಬರೂ ಎದುರುಬದುರು ನಿಂತರು. ಉಳಿದವರು ಸುತ್ತ ಕೂತರು. ಅವಳು ಬೇರೆಯವರಂತೆ ಅಪ್ಪಣೆ ಕೇಳಲಿಲ್ಲ. ಬಂದವಳೇ ಕುತ್ತಿಗೆಪಟ್ಟಿಗೆ ಒಂದು ಕೈ, ತೋಳಿಗೆ ಒಂದು ಕೈ ಹಾಕಿ ಹಿಡಿದಳು. ಗೆಣ್ಣುಗಳು ಅವನ ಎದೆಯ ಮೂಳೆಗೆ ಒತ್ತಿದವು. ನೋವಾಯಿತು.

ಅವನು ತಳ್ಳಿದ. ಅವಳು ಸರಿಯಲಿಲ್ಲ.

ಇನ್ನೊಮ್ಮೆ ತಳ್ಳಿದ, ಇದ್ದ ಬಲವೆಲ್ಲ ಹಾಕಿ. ಅವಳು ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ಅಷ್ಟನ್ನೂ ವಾಪಸು ತಳ್ಳಿದಳು. ಅವನ ಪಾದ ಹಾಸಿನ ಮೇಲೆ ಒಂದಿಷ್ಟು ಹಿಂದಕ್ಕೆ ಜಾರಿತು. ಅವಳ ಬಿಸಿಯುಸಿರು ಗದ್ದಕ್ಕೆ ತಾಕುತ್ತಿತ್ತು. ಅವಳ ಹಣೆಯಲ್ಲಿ ಬೆವರಿತ್ತು. ಅವಳಿಗೆ ಅವನ ಮೇಲೆ ಸಣ್ಣದೊಂದು ನಿಜವಾದ ಸಿಟ್ಟಿತ್ತು. ಇದು ಉಕ್ಕು. ಇನ್ನೇನು ಅವಳು ಸೊಂಟ ತಿರುಗಿಸುತ್ತಾಳೆ, ಇನ್ನೇನು ತನ್ನ ಕಾಲು ನೆಲ ಬಿಡುತ್ತದೆ. ಹೊಟ್ಟೆಯ ಆಳದಿಂದ ಎದ್ದ ಸುಖವೊಂದು ಎದೆ ದಾಟಿ, ಗಂಟಲು ದಾಟಿ, ತಡೆಯಲಾಗದೆ ಮುಖದ ತುಂಬ ನಗುವಾಗಿ ಹರಡಿತು.

ಅವಳು ಆ ನಗುವನ್ನು ಕಂಡಳು.

ಗಂಟಿಕ್ಕಿದ ಹುಬ್ಬು ಸಡಿಲವಾಯಿತು. ಹಿಡಿತದಲ್ಲಿ ಒಂದು ಅನುಮಾನ ಹರಿದಾಡಿದ್ದು ಅವನ ಪಕ್ಕೆಲುಬಿಗೆ ತಿಳಿಯಿತು. "ಬೇಡ," ಎಂದ ಅವನು. "ಬಿಡಬೇಡಿ, ದಮ್ಮಯ್ಯ." ಅಷ್ಟರಲ್ಲಿ ಅವಳು ತಿರುಗಿ, ಹಗುರಾಗಿ, ಅಂದವಾಗಿ, ಅವನ ಕಾಲ ಬುಡದಲ್ಲಿ ಬಿದ್ದಿದ್ದಳು.

"ಕ್ಷಮಿಸಿ," ಎಂದಳು ನೆಲದಿಂದ. ದನಿಯಲ್ಲಿ ಅಳು ಇತ್ತು. "ನನಗೆ ಗೊತ್ತಾಗ್ಲಿಲ್ಲ."

"ಏನು ಗೊತ್ತಾಗ್ಲಿಲ್ಲ?"

"ಹಾಗೆ ಹಿಡಿದ್ರೆ ಹೊಸಬರು ಹೆದರ್ತಾರೆ. ಯಾರೂ ನಗಲ್ಲ."

ಡಾಕ್ಟರು ಕಣ್ಣೊರೆಸಿಕೊಂಡರು.

"ನಾನು ಸರಳು ಮುರಿಯೋನು ಕಣ್ರೀ," ಎಂದ ಅವನು ಎಲ್ಲರ ಕಡೆ ತಿರುಗಿ. "ಅದನ್ನೂ ಈಗ ಮುರಿಯಲ್ಲ, ಸಹಿ ಹಾಕ್ತೀನಿ ಅಷ್ಟೆ. ನೀವೆಲ್ಲ ಶುದ್ಧ ದಡ್ಡರು."

"ನಿಜ," ಎಂದರು ಡಾಕ್ಟರು. "ನಿಜ," ಎಂದಿತು ಇಡೀ ಹಾಲ್.

"ಯಾರಾದ್ರೂ ಒಬ್ಬರು ಅಲ್ಲ ಅನ್ನಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಲ್ಲ," ಎಂದ ಬೇಕರಿಯವನು, ವಿಧೇಯನಾಗಿ.

ಅವನಿಗೆ ಇದ್ದಕ್ಕಿದ್ದಂತೆ ಬಹಳ ದಣಿವಾಯಿತು. ಇನ್ನು ಬೇರೆಯವರನ್ನು ಕೇಳಿ ಪ್ರಯೋಜನವಿಲ್ಲ. ತಾನೇ ಬಿದ್ದುಬಿಡುವುದು ಎಂದುಕೊಂಡ. ಬೀಳುವುದು ಹೇಗೆಂದೂ ಅವನಿಗೆ ಗೊತ್ತಿರಲಿಲ್ಲ. ಮಂಡಿ ಬಿಟ್ಟ, ಒಂದು ಕಡೆಗೆ ವಾಲಿದ, ಮೊಣಕೈ ತಗುಲಿತು, ತಲೆ ಹಾಸಿನ ಮೇಲೆ ಬಡಿದು ಒಮ್ಮೆ ಪುಟಿಯಿತು. ಅಂಗಾತ ಮಲಗಿ ನೋವು ಬರಲೆಂದು ಕಾದ. ಹಾಸು ಒಳ್ಳೆಯ ಗುಣಮಟ್ಟದ್ದು.

ಧೊಪ್.

ಆಮೇಲೆ ಇನ್ನೊಂದು, ಆಮೇಲೆ ಒಟ್ಟೊಟ್ಟಿಗೆ ಹಲವು. ಮಂಡಿ ಬಿಡುತ್ತಿದ್ದರು, ಒಂದು ಕಡೆಗೆ ವಾಲುತ್ತಿದ್ದರು, ಮೊಣಕೈ ತಗುಲಿಸಿಕೊಳ್ಳುತ್ತಿದ್ದರು. ಒಂದೊಂದು ತಲೆಯೂ ಒಂದೊಂದು ಸಲ ಪುಟಿಯಿತು. ಕಡೆಯದು ಚಾಲಕನದು, ನೆಲ ಅದುರಿತು. ಆಮೇಲೆ ಏನೂ ಇಲ್ಲ.

ಈಗ ಯಾರಾದರೂ ಒಬ್ಬರು ಏಳುತ್ತಾರೆ, ಎಂದುಕೊಂಡ. ಎಷ್ಟಾದರೂ ಮನೆಮಠ ಇರುವ ಜನ. ಕೆಳಗಿನ ಅಂಗಡಿಯ ಷಟರ್ ಎಳೆದ ಸದ್ದು ಕೇಳಿತು. ಬೀದಿಯಲ್ಲಿ ಯಾರೋ ಯಾರನ್ನೋ ಬೈಯುತ್ತ ಹೋದರು. ಬೈಗುಳ ದೂರವಾಗುತ್ತ ಕರಗಿತು. ಯಾರೂ ಏಳಲಿಲ್ಲ.

ಅವನು ಎಡಕ್ಕೆ ಹೊರಳಿ ನೋಡಿದ. ಎಡಗಡೆ ಮಲಗಿದ್ದ ಕನ್ನಡಕದವಳ ಮುಖವೂ ಎಡಕ್ಕೆ ಹೊರಳಿತು. ಅವಳಾಚೆ ಡಾಕ್ಟರದು, ಅವರಾಚೆ ಬೇಕರಿಯವನದು, ಗೋಡೆಯವರೆಗೂ. ಅವನ ಕಣ್ಣಿಗೆ ಕಂಡದ್ದು ಸಾಲು ಹಿಡಿದ ತಲೆಗಳ ಹಿಂಬದಿ ಮಾತ್ರ. ಬಲಕ್ಕೆ ಹೊರಳಿದ. ಆ ಕಡೆಯೂ ಹಾಗೇ.

ಮತ್ತೆ ಸೂರು ನೋಡುತ್ತ ಮಲಗಿದ. ಸುತ್ತಲೂ ಉಸಿರಾಟ ಕೇಳುತ್ತಿತ್ತು, ಒಂದೇ ದೊಡ್ಡ ಪ್ರಾಣಿಯದೆಂಬಂತೆ. ಅವನು ಉಸಿರು ಬಿಗಿಹಿಡಿದ.

ಹಾಲಿನಲ್ಲೆಲ್ಲ ಉಸಿರು ನಿಂತಿತು.